ಗುಟ್ಸಿ 850 ಟಿ3: ಬಿಸಿಯಾದ ಮೇಲೆ ಕ್ಲಚ್ ಜಾರುತ್ತಿದೆ, ಗೇರೂ ಸರಿಯಾಗಿ ಬೀಳುತ್ತಿಲ್ಲ

ಹಳೇಪಿಸ್ಟನ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1977ರ ಮೋಟೋ ಗುಟ್ಸಿ 850 ಟಿ3 ಬೈಕ್ ಇದೆ. ಹಿಂದಿನ ಮಾಲೀಕರು ತುಂಬಾ ವರ್ಷ ಓಡಿಸದೆ ಶೆಡ್ಡಿನಲ್ಲೇ ನಿಲ್ಲಿಸಿದ್ದರು. ಎಂಜಿನ್ ಪರವಾಗಿಲ್ಲ. ಕಾರ್ಬುರೇಟರ್ ಕ್ಲೀನ್ ಮಾಡಿ, ಟ್ಯಾಪೆಟ್ ಸೆಟ್ ಮಾಡಿದ ಮೇಲೆ ಚೆನ್ನಾಗೇ ಓಡುತ್ತಿದೆ. ತಲೆನೋವು ಇರುವುದೆಲ್ಲ ಎಂಜಿನ್ನಿನ ಹಿಂದುಗಡೆ.

ಗಾಡಿ ತಣ್ಣಗಿದ್ದಾಗ ಕ್ಲಚ್ ಸರಿ ಇರುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ, ನಾಲ್ಕನೇ ಅಥವಾ ಐದನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಮಾತ್ರ ಕೂಗುತ್ತದೆ, ವೇಗ ಏರುವುದಿಲ್ಲ. ಇನ್ನು ನಿಂತಲ್ಲಿ ಮೊದಲನೇ ಗೇರ್ ಹಾಕಿದರೆ ಢಣ್ ಅಂತ ಜೋರು ಸದ್ದು, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹುಡುಕುವುದಂತೂ ದೇವರೇ ಗತಿ. ಎರಡರಿಂದ ಮೂರಕ್ಕೆ ಹಾಕುವಾಗ ಆಗಾಗ ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡು ಯಾವ ಗೇರೂ ಇಲ್ಲದ ಹಾಗಾಗುತ್ತದೆ, ಒಮ್ಮೊಮ್ಮೆ ಗೇರ್ ಲಿವರ್ ಮೇಲೇ ನಿಂತುಬಿಡುತ್ತದೆ, ಕಾಲಿನಿಂದ ಒತ್ತಿ ವಾಪಸ್ ತರಬೇಕು. ಜೊತೆಗೆ ಓಡಿಸಿ ಬಂದು ನಿಲ್ಲಿಸಿದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ಎಣ್ಣೆ ಹನಿ.

ಒಬ್ಬ ಮೆಕ್ಯಾನಿಕ್ ನೋಡಿ, "ಗೇರೆಲ್ಲ ಸವೆದಿದೆ, ಇಡೀ ಬಾಕ್ಸ್ ಬದಲಾಯಿಸಿ" ಅಂದರು. ಬಿಚ್ಚಿ ನೋಡದೆ ಅದು ಹೇಗೆ ಗೊತ್ತಾಗುತ್ತದೋ ನನಗೆ ಅರ್ಥವಾಗಲಿಲ್ಲ. ಕೈಯಲ್ಲಿ ಸಾಮಾನ್ಯ ಟೂಲ್ಸ್ ಇವೆ, ಸಮಯವೂ ಇದೆ, ಆದರೆ ಈ ಥರದ ಗೇರ್‌ಬಾಕ್ಸ್ ಈ ಮೊದಲು ಮುಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಎರಡುಸಿಲಿಂಡರ್:

ಮೊದಲು ಒಂದು ಮಾತು: ನೀವು ಬರೆದಿರುವುದು ಒಂದು ರೋಗ ಅಲ್ಲ. ಮೂರು ಬೇರೆ ಬೇರೆ ಇವೆ, ಒಂದರ ಲಕ್ಷಣ ಇನ್ನೊಂದರ ಜೊತೆ ಕಲೆತು ಎಲ್ಲವೂ ಗೇರ್‌ಬಾಕ್ಸಿನದ್ದೇ ಅನ್ನುವ ಹಾಗೆ ಕಾಣುತ್ತಿದೆ ಅಷ್ಟೇ. ಬಾಕ್ಸ್ ಬದಲಾಯಿಸುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಈ ಐದು ಗೇರಿನ ಬಾಕ್ಸ್ 1971ರ ಗುಟ್ಸಿ ವಿ7 ಸ್ಪೋರ್ಟ್ ಬೈಕಿನಿಂದ ಬಂದದ್ದು, ಗಟ್ಟಿ ಕುಳ. ಎಣ್ಣೆ ಇಲ್ಲದೆ ಓಡಿಸದಿದ್ದರೆ ಹಲ್ಲು ಸವೆಯುವುದು ಕಡಿಮೆ.

ಈ ಗಾಡಿಯ ಕ್ಲಚ್ ಬಗ್ಗೆ ಒಂದು ವಿಷಯ ಗೊತ್ತಿರಬೇಕು. ಬೇರೆ ಎಷ್ಟೋ ಬೈಕ್‌ಗಳಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಕ್ರ್ಯಾಂಕ್‌ಗಿಂತ ನಿಧಾನವಾಗಿ ತಿರುಗುತ್ತದೆ. ಇಲ್ಲಿ ಹಾಗಲ್ಲ. ಕಾರಿನ ಹಾಗೆ ಡ್ರೈ ಕ್ಲಚ್, ಫ್ಲೈವೀಲ್ ಒಳಗೇ ಕೂತಿರುತ್ತದೆ, ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೋ ಅದೂ ಅಷ್ಟೇ. ಎರಡು ಫ್ರಿಕ್ಷನ್ ಪ್ಲೇಟ್, ನಡುವೆ ಒಂದು ಸ್ಟೀಲ್ ಪ್ಲೇಟ್. ಅದರಿಂದ ಎರಡು ವಿಷಯ. ಒಂದು, ಅಲ್ಲಿಗೆ ಸ್ವಲ್ಪ ಎಣ್ಣೆ ಸೋರಿದರೂ ಕ್ಲಚ್ ಜಾರುತ್ತದೆ. ಎರಡು, ಅಷ್ಟು ವೇಗದಲ್ಲಿ ತಿರುಗುವ ಪ್ಲೇಟು, ಅದನ್ನು ಶಾಫ್ಟಿಗೆ ಜೋಡಿಸುವ ಹಲ್ಲಿನ ಹಬ್ಬು ಎಲ್ಲ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮೇಲೇ ಇರುವುದರಿಂದ ಮೊದಲನೇ ಗೇರಿಗೆ ಒಂದಿಷ್ಟು ಸದ್ದು ಇದ್ದೇ ಇರುತ್ತದೆ. ಅದು ಪೂರ್ತಿ ಹೋಗುವುದಿಲ್ಲ, ಹೋಗಬೇಕು ಅಂತ ಆಸೆಯನ್ನೂ ಇಟ್ಟುಕೊಳ್ಳಬೇಡಿ.

ಸ್ಪ್ಯಾನರ್ ಹಿಡಿಯುವ ಮುಂಚೆ ಇಷ್ಟು ನೋಡಿ. ಎಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಒಂದು ಕೈಯಲ್ಲಿ ಹಿಂದಿನ ಚಕ್ರ ನಿಧಾನಕ್ಕೆ ಹಿಂದೆ ಮುಂದೆ ಆಡಿಸುತ್ತಾ ಇನ್ನೊಂದು ಕೈಯಲ್ಲಿ ಗೇರ್ ಒಂದೊಂದಾಗಿ ಮೇಲೆ ಹಾಕಿ, ಕೆಳಗೆ ತನ್ನಿ. ಐದೂ ಬಿದ್ದು, ಪ್ರತಿ ಸಲ ಲಿವರ್ ತಾನೇ ನಡುವಿಗೆ ಬಂದರೆ ಒಳಗೆ ದೊಡ್ಡ ಗಲಾಟೆ ಇಲ್ಲ. ಬರಲಿಲ್ಲ ಅಂದರೆ ಒಳಗೆ ಗೇರ್ ಬದಲಾಯಿಸುವ ಸೆಲೆಕ್ಟರ್ ಕಡೆ ನೋಡಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಎಳೆದು ಹಿಡಿದು ನಾಲ್ಕೈದು ಸೆಕೆಂಡ್ ಕಾಯಿರಿ, ಆಮೇಲೆ ಮೊದಲನೇ ಗೇರ್ ಹಾಕಿ. ಕಾದರೂ ಅದೇ ಢಣ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ.

ಇನ್ನೊಂದು. ಗೇರ್ ಬೀಳದೇ ಇರುವುದು ಬೇರೆ, ಬಿದ್ದ ಗೇರು ಲೋಡ್ ಬಿದ್ದಾಗ ಎಗರಿ ಆಚೆ ಬರುವುದು ಬೇರೆ. ಎರಡನೆಯದಾದರೆ ಡಾಗ್ಸ್, ಅಂದರೆ ಗೇರನ್ನು ಕಚ್ಚಿ ಹಿಡಿಯುವ ಪಕ್ಕದ ಹಲ್ಲು, ಸವೆದಿರಬಹುದು. ನಿಮ್ಮದು ಮೊದಲನೆಯದು ಅನ್ನಿಸುತ್ತದೆ.

ಸ್ಪ್ಯಾನರ್‌ದಾಸ:

ಗುರು, ಇಷ್ಟೆಲ್ಲ ಯಾಕೆ? ಗಟ್ಟಿ ಸ್ಪ್ರಿಂಗ್ ಸೆಟ್ ಹಾಕಿ, ಜಾರುವುದು ನಿಲ್ಲುತ್ತದೆ. ಗೇರ್‌ಬಾಕ್ಸ್ ಎಣ್ಣೆ ಸ್ವಲ್ಪ ದಪ್ಪದ್ದು ಹಾಕಿ, ಸದ್ದೂ ಕಡಿಮೆಯಾಗುತ್ತದೆ. ಗುಟ್ಸಿ ಗೇರ್ ಹಾಕುವಾಗ ಸದ್ದು ಬರದಿದ್ದರೆ ಅದು ಗುಟ್ಸಿನೇ ಅಲ್ಲ ಬಿಡಿ.

ಗ್ರೀಸ್‌ಗುರು:

ದಾಸ್ ಅವರೇ, ಸ್ಪ್ರಿಂಗ್ ಹಾಕಲು ಹೇಗೂ ಗೇರ್‌ಬಾಕ್ಸ್ ಇಳಿಸಲೇಬೇಕು ಅಲ್ವಾ? ಇಳಿಸಿದ ಮೇಲೆ ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ನೋಡದೆ ಸುಮ್ನೆ ಸ್ಪ್ರಿಂಗ್ ಹಾಕಿ ಮುಚ್ಚುವುದು ಎಂಥ ಕೆಲಸ. ಎಣ್ಣೆ ಕುಡಿದ ಪ್ಲೇಟನ್ನು ಎಷ್ಟೇ ಒತ್ತಿದರೂ ಬಿಸಿಯಾದಾಗ ಅದು ಒಳಗಿನಿಂದ ಎಣ್ಣೆ ಬಿಡುತ್ತದೆ, ಮತ್ತೆ ಜಾರುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಇಲ್ಲ ಅಂತ ಅವರು ಬರೆದಿರುವುದು ಇದಕ್ಕೇ ಹೊಂದುತ್ತದೆ. ಗಟ್ಟಿ ಸ್ಪ್ರಿಂಗಿನಿಂದ ಸಿಗುವುದು ಗಟ್ಟಿ ಲಿವರ್, ಬೇಗ ಸವೆಯುವ ಥ್ರಸ್ಟ್ ಬೇರಿಂಗ್ (ಕ್ಲಚ್ ಎಳೆದಾಗ ಒತ್ತಡ ತಡೆಯುವ ಬೇರಿಂಗ್), ಬೇಗ ಹರಿಯುವ ಕೇಬಲ್. ಸರಿಯಾದ ಅಳತೆಯ ಮೂಲ ಸ್ಪ್ರಿಂಗು ಈ ಎಂಜಿನ್ನಿಗೆ ಸಾಕು. ದಪ್ಪ ಎಣ್ಣೆ ಹಾಕಿದರೆ ತಣ್ಣಗಿದ್ದಾಗ ಗೇರ್ ಇನ್ನೂ ಒರಟಾಗುತ್ತದೆ.

ಹಳೇಪಿಸ್ಟನ್, ಆ ಹನಿಯನ್ನು ಬೆರಳಿನಲ್ಲಿ ತೆಗೆದುಕೊಂಡು ಮೂಸಿ ನೋಡಿ. ತಮಾಷೆ ಅಲ್ಲ. ಗೇರ್ ಎಣ್ಣೆಗೆ ಗಂಧಕದ ಘಾಟು ವಾಸನೆ ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಹಳೆಯ ಎಂಜಿನ್ ಎಣ್ಣೆ ತೆಳ್ಳಗೆ, ಕಪ್ಪಗೆ, ಸುಟ್ಟ ವಾಸನೆ. ಘಾಟು ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದೆ. ಇಲ್ಲವಾದರೆ ಕ್ರ್ಯಾಂಕಿನ ಹಿಂದಿನ ಸೀಲ್. ಎರಡೂ ಒಟ್ಟಿಗೆ ಹೋಗಿರುವುದೂ ಉಂಟು, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದಲ್ಲ.

ಅದರ ಜೊತೆ ಗೇರ್‌ಬಾಕ್ಸ್ ಮೇಲಿನ ಬ್ರೀದರ್, ಅಂದರೆ ಗಾಳಿ ಹೋಗುವ ಕಿಂಡಿ, ಕಟ್ಟಿಕೊಂಡಿದೆಯಾ ನೋಡಿ. ಅದು ಮುಚ್ಚಿದ್ದರೆ ಬಿಸಿಯಾದಾಗ ಒಳಗೆ ಒತ್ತಡ ಏರಿ, ಹೊಸ ಸೀಲ್ ಹಾಕಿದರೂ ಎಣ್ಣೆ ದಾರಿ ಮಾಡಿಕೊಂಡು ಬರುತ್ತದೆ. ಎಣ್ಣೆ ಜಾಸ್ತಿ ತುಂಬಿದ್ದರೂ ಹಾಗೇ. ಬಾಕ್ಸಿಗೆ ಬೇಕಿರುವುದು ಮುಕ್ಕಾಲು ಲೀಟರ್ 80ಡಬ್ಲ್ಯೂ-90, ಅಷ್ಟೇ. ಲೆವೆಲ್ ಪ್ಲಗ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ಹಳೇಪಿಸ್ಟನ್:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ್ದನ್ನೆಲ್ಲ ನೋಡಿದೆ.

ಹನಿ ಗೇರ್ ಎಣ್ಣೆಯದ್ದೇ, ಆ ಘಾಟು ಇನ್ನೂ ಬೆರಳಿನಿಂದ ಹೋಗಿಲ್ಲ. ಬ್ರೀದರ್ ಮೇಲೆ ಜಿಡ್ಡು ಮಣ್ಣು ಕಲೆತು ಕಲ್ಲಾಗಿತ್ತು. ಲೆವೆಲ್ ಪ್ಲಗ್ ಬಿಚ್ಚಿದರೆ ಎಣ್ಣೆ ಸುರಿಯಿತು, ಅಂದರೆ ಯಾರೋ ಜಾಸ್ತಿಯೇ ತುಂಬಿದ್ದಾರೆ. ಬಿಸಿ ಇರುವಾಗಲೇ ಪೂರ್ತಿ ಎಣ್ಣೆ ಇಳಿಸಿದೆ. ಡ್ರೈನ್ ಪ್ಲಗ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇತ್ತು, ಕೈಗೆ ಚುಚ್ಚುವ ಚೂರು ಏನೂ ಸಿಗಲಿಲ್ಲ.

ಎಂಜಿನ್ ಆಫ್ ಮಾಡಿ ಚಕ್ರ ಆಡಿಸುತ್ತಾ ಹಾಕಿದರೆ ಐದೂ ಗೇರ್ ಬೀಳುತ್ತವೆ. ಆದರೆ ಮೇಲಕ್ಕೆ ಹಾಕುವಾಗ ಲಿವರ್ ಸೋಮಾರಿ ಥರ ವಾಪಸ್ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಲಿಂಕೇಜ್ ಕಳಚಿ ನೇರವಾಗಿ ಶಾಫ್ಟಿನಲ್ಲೇ ತಿರುಗಿಸಿ ನೋಡಿದೆ, ಆಗಲೂ ಹಾಗೇ.

ಕ್ಲಚ್ ಎಳೆದು ಕಾದರೂ ಮೊದಲನೇ ಗೇರಿಗೆ ಸದ್ದು ಕಡಿಮೆಯಾಗಲಿಲ್ಲ. ಗೇರ್‌ಬಾಕ್ಸ್ ಹಿಂದೆ ಕೇಬಲ್ ಸಿಕ್ಕಿಸುವ ಆರ್ಮ್ ಇದೆಯಲ್ಲ, ಅದರ ರಬ್ಬರ್ ಬೂಟ್ ಹರಿದು ಒಳಗೆಲ್ಲ ಮಣ್ಣು. ಕ್ಲಚ್ ಬಿಟ್ಟಾಗ ಆ ಆರ್ಮ್ ತಡೆದು ತಡೆದು ವಾಪಸ್ ಹೋಗುತ್ತದೆ. ಇದೂ ಒಂದು ತೊಂದರೆಯಾ?

ಎರಡುಸಿಲಿಂಡರ್:

ತೊಂದರೆಯೇ, ಮತ್ತು ಒಳ್ಳೆಯ ಸುದ್ದಿ. ನುಣ್ಣನೆ ಪೇಸ್ಟ್ ಅಷ್ಟೇ ಇದ್ದರೆ ಗೇರ್‌ಗಳು ಚೆನ್ನಾಗಿವೆ ಅಂತಲೇ ಇಟ್ಟುಕೊಳ್ಳಿ. ಇಡೀ ಬಾಕ್ಸ್ ಬದಲಾಯಿಸಿ ಅಂದವರಿಗೆ ಆ ಪ್ಲಗ್ಗಿನ ಫೋಟೋ ಕಳಿಸಿ.

ಆ ಆರ್ಮ್ ಒತ್ತುವುದು ಗೇರ್‌ಬಾಕ್ಸ್ ಹಿಂದಿನ ಕವರಿನಲ್ಲಿ ಕೂತ ಒಂದು ಚಿಕ್ಕ ಪಿಸ್ಟನ್ ಥರದ ತುಂಡನ್ನು. ಅದರ ಮುಂದೆ ಥ್ರಸ್ಟ್ ಬೇರಿಂಗ್, ಅದರ ಮುಂದೆ ಉದ್ದನೆಯ ಪುಶ್‌ರಾಡ್. ಆ ರಾಡ್ ಟೊಳ್ಳಾದ ಇನ್‌ಪುಟ್ ಶಾಫ್ಟ್ ಒಳಗೇ ಹಾದು ಮುಂದೆ ಹೋಗಿ, ಪ್ರೆಷರ್ ಪ್ಲೇಟಿನ (ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ತಟ್ಟೆ) ನಡುವೆ ಇರುವ ಕಪ್ ಅನ್ನು ತಳ್ಳುತ್ತದೆ. ಹಿಂದಿನ ತುಂಡು ಮಣ್ಣಿಗೆ ಸಿಕ್ಕಿ ಬಿಗಿಯಾದರೆ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಅದನ್ನು ಆಚೆ ತೆಗೆದು ಒರೆಸಿ, ಓ-ರಿಂಗ್ ಬದಲಾಯಿಸಿ, ಬೇರಿಂಗ್ ಬೆರಳಲ್ಲಿ ತಿರುಗಿಸಿ ನೋಡಿ. ಒರಟು ಅನ್ನಿಸಿದರೆ ಹೊಸದು. ಬೂಟ್ ಅಂತೂ ಹೊಸದೇ ಹಾಕಬೇಕು. ಪುಶ್‌ರಾಡಿನ ಮೇಲೂ ಒಂದು ಪುಟ್ಟ ಸೀಲ್ ಇದೆ, ಜನ ಮರೆಯುವುದು ಅದನ್ನೇ. ಶಾಫ್ಟಿನ ಹೊರಗಿನ ಸೀಲ್ ಹೊಸದು ಹಾಕಿ, ರಾಡಿನ ಗುಂಟ ಎಣ್ಣೆ ತೆವಳಿಕೊಂಡು ಬರುವುದನ್ನು ಹಾಗೇ ಬಿಟ್ಟರೆ ಏನು ಪ್ರಯೋಜನ.

ಲಿವರ್ ವಾಪಸ್ ಬರದೇ ಇರುವುದು ರಿಟರ್ನ್ ಸ್ಪ್ರಿಂಗ್. ಲಿಂಕೇಜ್ ಕಳಚಿ ನೋಡಿದ್ದು ಒಳ್ಳೆಯದಾಯಿತು, ಅನುಮಾನವೇ ಉಳಿಯಲಿಲ್ಲ. ಸ್ಪ್ರಿಂಗ್ ಸೋತಿದ್ದರೆ ಸೆಲೆಕ್ಟರಿನ ಕೊಕ್ಕೆ ಮುಂದಿನ ಗೇರಿಗೆ ತಯಾರಾಗಿ ಕೂರುವುದಿಲ್ಲ, ಎರಡು-ಮೂರರ ನಡುವೆ ನಿಮಗೆ ಸಿಗುವ ಆ ಸುಳ್ಳು ನ್ಯೂಟ್ರಲ್‌ಗೂ ಅದೇ ಕಾರಣ ಇರಬಹುದು. ಸೆಲೆಕ್ಟರಿನ ಕವರಿನಲ್ಲಿ ಒಂದು ಎಕ್ಸೆಂಟ್ರಿಕ್ ಸ್ಕ್ರೂ (ನಡು ತಪ್ಪಿಸಿ ಮಾಡಿದ್ದು), ಮೇಲೆ ಲಾಕ್‌ನಟ್ ಇರುತ್ತದೆ. ಕೊಕ್ಕೆ ನಡುವಿಗೆ ಕೂರುವ ಹಾಗೆ ಹೊಂದಿಸಲು ಇರುವುದು ಅದು. ಮುಟ್ಟುವ ಮುಂಚೆ ಅದರ ಈಗಿನ ಜಾಗಕ್ಕೆ ಗುರುತು ಹಾಕಿ. ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಒಂದು ಕಡೆಗೆ ಮಾತ್ರ ಗೇರ್ ತಪ್ಪುತ್ತಿದ್ದರೆ ಆಗ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ, ಅದಕ್ಕಿಂತ ಮುಂಚೆ ಬೇಡ.

ಬಾಕ್ಸ್ ಇಳಿಸುವ ವಿಷಯ. ಗುಟ್ಸಿಯ ಎಂಜಿನಿಯರ್ ಲೀನೋ ತೋಂತಿ ಮಾಡಿದ ಈ ಫ್ರೇಮಿನ ಕೆಳಗಿನ ಎರಡು ರೈಲು ಬೋಲ್ಟ್ ಬಿಚ್ಚಿದರೆ ಕಳಚಿ ಬರುತ್ತವೆ, ಅದು ದೊಡ್ಡ ಉಪಕಾರ. ಬ್ಯಾಟರಿ, ಅದರ ಟ್ರೇ, ಎಕ್ಸಾಸ್ಟ್, ಹಿಂದಿನ ಚಕ್ರ, ಫೈನಲ್ ಡ್ರೈವ್ (ಚಕ್ರದ ಪಕ್ಕದ ಗೇರ್ ಡಬ್ಬಿ), ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಎಲ್ಲ ತೆಗೆಯಬೇಕು. ಗೇರ್‌ಬಾಕ್ಸ್ ಹಿಂದಿನ ಉದ್ದ ಬೋಲ್ಟ್ ಎಳೆಯುವ ಮುಂಚೆ ಎಂಜಿನ್ ಸಂಪ್ (ತಳದ ಎಣ್ಣೆ ತೊಟ್ಟಿ) ಕೆಳಗೆ ಜ್ಯಾಕ್ ಇಡಿ, ಮರದ ತುಂಡು ನಡುವೆ ಇಟ್ಟು. ಆ ಬೋಲ್ಟ್ ಹೋದ ಮೇಲೆ ಎಂಜಿನ್ನಿನ ಹಿಂಭಾಗಕ್ಕೆ ಬೇರೆ ಆಸರೆ ಇಲ್ಲ. ಆಮೇಲೆ ಮುಂದಿನ ಬೋಲ್ಟ್ ಸಡಿಲ ಮಾಡಿ ಎಂಜಿನ್ನಿನ ಹಿಂಭಾಗವನ್ನು ಸ್ವಲ್ಪ ಇಳಿಸಿದರೆ ಬಾಕ್ಸ್ ಹಿಂದಕ್ಕೆ ಜಾರಿಸಿ ತೆಗೆಯಬಹುದು. ನೆಟ್ಟಗೆ ಎಳೆಯಿರಿ. ಅರ್ಧ ಆಚೆ ಬಂದ ಬಾಕ್ಸ್ ಕ್ಲಚ್ ಪ್ಲೇಟ್ ಮೇಲೆ ಜೋತುಬೀಳಲು ಬಿಡಬೇಡಿ.

ಸ್ವಿಂಗ್‌ಆರ್ಮ್ ಹೇಗೂ ಆಚೆ ಇರುತ್ತದಲ್ಲ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಮಡಚುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಕೈಯಲ್ಲಿ ಹಿಡಿದು ಎಲ್ಲ ಕಡೆ ಮಡಚಿ ನೋಡಿ. ಎಲ್ಲಾದರೂ ಕಟಕಟ ಅಂತ ತಡೆದರೆ ಬದಲಾಯಿಸಿ, ಅದು ಓಡುವಾಗ ಮುರಿದರೆ ಚಕ್ರವೇ ಲಾಕ್ ಆಗಬಹುದು.

ಗ್ರೀಸ್‌ಗುರು:

ಕ್ಲಚ್ ಕಡೆ ನಾನು ಸೇರಿಸುತ್ತೇನೆ.

ಹಳೆಯ ಫ್ರಿಕ್ಷನ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಏರ್ ಹೊಡೆದು ಕ್ಲೀನ್ ಮಾಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಮಾಸ್ಕ್ ಹಾಕಿಕೊಳ್ಳಿ.

ಸ್ಟಾರ್ಟರ್ ರಿಂಗ್ ಗೇರೇ ಕ್ಲಚ್ಚಿನ ಮುಚ್ಚಳ. ಅದರ ಹಿಂದೆ ಎಂಟು ಸ್ಪ್ರಿಂಗ್ ಅಮುಕಿಕೊಂಡಿವೆ. ಬೋಲ್ಟ್‌ಗಳನ್ನು ಒಂದೇ ಕಡೆಯಿಂದ ಸರಸರ ಬಿಚ್ಚಿದರೆ ರಿಂಗ್ ವಾರೆಯಾಗಿ ಎಳೆಗಳು ಹಾಳಾಗುತ್ತವೆ. ಎದುರುಬದುರು ಎರಡು ಬೋಲ್ಟ್ ತೆಗೆದು ಆ ಜಾಗಕ್ಕೆ ಉದ್ದನೆಯ ಬೋಲ್ಟ್, ನಟ್ ಹಾಕಿ. ಮಿಕ್ಕವು ಬಿಚ್ಚಿದ ಮೇಲೆ ಆ ಎರಡು ನಟ್ಟನ್ನು ಸಮಸಮವಾಗಿ ಸಡಿಲ ಮಾಡುತ್ತಾ ಬಂದರೆ ಸ್ಪ್ರಿಂಗ್ ನಿಧಾನಕ್ಕೆ ಬಿಡುತ್ತದೆ. ತೆಗೆಯುವ ಮುಂಚೆ ರಿಂಗ್ ಎಲ್ಲಿ ಕೂತಿತ್ತು ಅಂತ ಫ್ಲೈವೀಲ್ ಮೇಲೆ ಗುರುತು ಹಾಕಿಕೊಳ್ಳಿ.

ಹೊಸ ಪ್ಲೇಟ್ 8 ಮಿಮೀ ದಪ್ಪ, 7.5 ಆದರೆ ಮುಗಿಯಿತು. ನಿಮ್ಮದು ದಪ್ಪ ಇದ್ದರೂ ಎಣ್ಣೆ ಕುಡಿದಿದ್ದರೆ ಇಟ್ಟುಕೊಳ್ಳಬೇಡಿ. ಪೆಟ್ರೋಲಿನಲ್ಲಿ ತೊಳೆದರೆ, ಸ್ಟವ್ ಮೇಲೆ ಕಾಯಿಸಿದರೆ ಸರಿಹೋಗುತ್ತದೆ ಅನ್ನುವವರು ಇದ್ದಾರೆ. ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಇದೇ ಕೆಲಸ ಮತ್ತೆ. ಮತ್ತೆ ಸ್ವಿಂಗ್‌ಆರ್ಮಿನಿಂದ ಶುರು ಮಾಡಬೇಕು, ನೆನಪಿರಲಿ. ಸ್ಪ್ರಿಂಗ್ ಎಂಟನ್ನೂ ಸಾಲಾಗಿ ಮೇಜಿನ ಮೇಲೆ ನಿಲ್ಲಿಸಿ, ಮೇಲೆ ಒಂದು ಸ್ಕೇಲ್ ಇಡಿ. ಗಿಡ್ಡ ಆಗಿರುವುದು ತಾನೇ ಕಾಣುತ್ತದೆ. ಒಂದು ಗಿಡ್ಡ ಇದ್ದರೂ ಸೆಟ್ಟೇ ಬದಲಾಯಿಸಿ.

ಪ್ಲೇಟ್ ತರಿಸುವ ಮುಂಚೆ ಹಬ್ ನೋಡಿ. ಹಬ್ಬಿನ ಹಲ್ಲು ಎರಡು ಥರ, ಹಳೆಯದು ಕಡಿಮೆ ಆಳ, ಆಮೇಲೆ ಬಂದದ್ದು ಜಾಸ್ತಿ ಆಳ. ಒಂದರ ಪ್ಲೇಟ್ ಇನ್ನೊಂದಕ್ಕೆ ಕೂರುವುದಿಲ್ಲ. ನಡುವೆ ಯಾರು ಏನು ಬದಲಾಯಿಸಿದ್ದಾರೋ ಗೊತ್ತಿಲ್ಲ, ಅದಕ್ಕೆ ವರ್ಷ ನೋಡಿ ಆರ್ಡರ್ ಮಾಡಬೇಡಿ, ಬಿಚ್ಚಿ ನೋಡಿ ಮಾಡಿ. ಹಬ್ಬಿನ ಹಲ್ಲಿನ ಪಕ್ಕಕ್ಕೆ ಉಗುರು ಎಳೆದು ನೋಡಿ. ಪ್ಲೇಟ್ ಬಡಿದು ಬಡಿದು ಅಲ್ಲಿ ಮೆಟ್ಟಿಲು ಬಿದ್ದಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಕ್ಲಚ್ ಎಳೆದಾಗ ಪ್ಲೇಟ್ ಆ ಮೆಟ್ಟಿಲಿಗೆ ನೇತುಬಿದ್ದು ಹಿಂದಕ್ಕೆ ಸರಿಯುವುದಿಲ್ಲ, ನಿಮ್ಮ ಢಣ್ ಸದ್ದು ಬರುವುದು, ನ್ಯೂಟ್ರಲ್ ಸಿಗದೇ ಇರುವುದು ಅದರಿಂದಲೂ ಆಗಬಹುದು. ಫ್ಲೈವೀಲ್ ಒಳಗಿನ ಹಲ್ಲಿಗೂ ಹಾಗೇ ನೋಡಿ. ಸಣ್ಣ ಗೀರಾದರೆ ಅರದಿಂದ ತೀಡಬಹುದು. ಆಳ ಇದ್ದರೆ ಹಬ್ ಹೊಸದು.

ಇನ್‌ಪುಟ್ ಸೀಲ್ ಇರುವುದು ಆ ಹಬ್ಬಿನ ಹಿಂದೆ. ಹಬ್ ಹಿಡಿದಿರುವ ನಟ್ಟಿಗೆ ಸಾಮಾನ್ಯ ಸ್ಪ್ಯಾನರ್ ಕೂರುವುದಿಲ್ಲ, ನಾಲ್ಕು ಖಾಚು ಇರುವ ದುಂಡು ನಟ್. ಹಳೇ ಸಾಕೆಟ್ಟಿನ ಬಾಯಿ ಕೊರೆದು ನಾಲ್ಕು ಹಲ್ಲು ಬಿಡಿಸಿಕೊಂಡರೆ ಟೂಲ್ ಆಯಿತು. ಹಬ್ ತಿರುಗದ ಹಾಗೆ ಹಿಡಿಯಲು ಹಳೇ ಫ್ರಿಕ್ಷನ್ ಪ್ಲೇಟಿಗೆ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ, ಬಿಸಾಡುವ ಪ್ಲೇಟಿಗೆ ಅದೊಂದು ಕೆಲಸ. ಮುಂಚೆ ಲಾಕ್ ವಾಷರಿನ ಮಡಿಕೆ ಬಿಡಿಸುವುದು ಮರೆಯಬೇಡಿ. ಅಲ್ಲೇ ಶಾಫ್ಟಿನ ಮೇಲೆ ಒಂದು ಓ-ರಿಂಗ್ ಇದೆ, ಅದನ್ನೂ ಹೊಸದು ಹಾಕಿ.

ಕ್ರ್ಯಾಂಕ್ ಸೀಲ್ ಸೋರದಿದ್ದರೂ ಇದೇ ಸಂದರ್ಭದಲ್ಲಿ ಬದಲಾಯಿಸಿಬಿಡಿ ಅನ್ನುವುದು ನನ್ನ ಅಭಿಪ್ರಾಯ. ಫ್ಲೈವೀಲ್ ತೆಗೆದರೆ ಅದರ ಬೋಲ್ಟ್‌ಗಳು ಹೊಸದೇ ಆಗಬೇಕು. ಹಿಂದಿನ ಮೇನ್ ಬೇರಿಂಗ್ ಫ್ಲ್ಯಾಂಜ್ ಬಿಚ್ಚುವ ಪ್ರಸಂಗ ಬಂದರೆ, ಅದರ ಕೆಳಗಿನ ಎರಡು ಬೋಲ್ಟ್ ತೂತು ಕ್ರ್ಯಾಂಕ್‌ಕೇಸ್ ಒಳಗೇ ತೆರೆದುಕೊಳ್ಳುತ್ತವೆ. ಅವಕ್ಕೆ ಸೀಲೆಂಟ್ ಹಚ್ಚದಿದ್ದರೆ ಎಳೆಯ ಗುಂಟ ಎಣ್ಣೆ ಬರುತ್ತದೆ, ಆಮೇಲೆ ಸೀಲ್ ಮೇಲೆ ಅನುಮಾನಪಡುತ್ತಾ ಕೂರಬೇಕು.

ಸ್ಪ್ಯಾನರ್‌ದಾಸ:

ಸರಿ, ಸ್ಪ್ರಿಂಗ್ ಮಾತು ವಾಪಸ್ ತೆಗೆದುಕೊಂಡೆ! ಒಂದು ಡೌಟು. ಬಾಕ್ಸ್ ಹೇಗೂ ಕೆಳಗೆ ಬಂದಿರುತ್ತದೆ, ಹಿಂದಿನ ಕವರ್ ತೆಗೆದು ಒಳಗೂ ಒಮ್ಮೆ ನೋಡಿಬಿಡಬಹುದಲ್ಲ?

ಎರಡುಸಿಲಿಂಡರ್:

ಕುತೂಹಲಕ್ಕೆ ಬೇಡ. ಒಳಗೆ ಶಿಮ್‌ಗಳನ್ನು (ಅಂತರ ಸರಿಹೊಂದಿಸುವ ತೆಳು ವಾಷರ್) ಲೆಕ್ಕ ಹಾಕಿ ಇಟ್ಟಿರುತ್ತಾರೆ, ಒಂದು ಆಚೀಚೆಯಾದರೆ ಈಗ ಸರಿಯಾಗಿ ಬೀಳುವ ಗೇರೂ ಬೀಳುವುದಿಲ್ಲ. ಗೇರ್ ಎಗರುತ್ತಿದ್ದರೆ, ಬೇರಿಂಗ್ ಗುಂಯ್‌ಗುಡುತ್ತಿದ್ದರೆ, ಎಣ್ಣೆಯಲ್ಲಿ ಚೂರು ಸಿಕ್ಕಿದ್ದರೆ ತೆಗೆಯಲೇಬೇಕು, ಇವರದ್ದರಲ್ಲಿ ಅಂಥದ್ದೇನೂ ಇಲ್ಲ. ತೆಗೆಯಲೇಬೇಕಾದವರಿಗೆ ಒಂದು ಎಚ್ಚರಿಕೆ: ಹಿಂದೆ ಔಟ್‌ಪುಟ್ ಶಾಫ್ಟ್ ಮೇಲೆ ಸ್ಪೀಡೋಮೀಟರ್ ಗೇರನ್ನು ಹಿಡಿದಿಡಲು ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಉಕ್ಕಿನ ಗುಂಡು ಇರುತ್ತದೆ. ಗೇರ್ ಎಳೆದ ತಕ್ಷಣ ಅದು ಉರುಳಿ ಮಾಯವಾಗುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ.

ಹಳೇಪಿಸ್ಟನ್:

ಸೀಲ್, ಓ-ರಿಂಗ್, ಬೂಟ್, ರಿಟರ್ನ್ ಸ್ಪ್ರಿಂಗ್ ತರಿಸಲು ಹೇಳಿದ್ದೇನೆ. ಪ್ಲೇಟ್ ಮಾತ್ರ ಹಬ್ ನೋಡಿದ ಮೇಲೆ. ವಾಪಸ್ ಜೋಡಿಸುವಾಗ ಜನ ಎಲ್ಲಿ ಎಡವುತ್ತಾರೆ ಅಂತ ಹೇಳಿದರೆ ಉಪಕಾರ.

ಗ್ರೀಸ್‌ಗುರು:

ಪ್ರೆಷರ್ ಪ್ಲೇಟಿನ ಒಂದು ಹಲ್ಲಿನ ಮೇಲೆ ಚುಕ್ಕಿ ಇರುತ್ತದೆ, ಫ್ಲೈವೀಲ್ ಮೇಲೂ ಗುರುತು ಇರುತ್ತದೆ. ಎರಡೂ ಎದುರುಬದುರು ಬರಬೇಕು. ಇಲ್ಲದಿದ್ದರೆ ಬ್ಯಾಲೆನ್ಸ್ ಹೋಗಿ ಗಾಡಿ ನಡುಗುತ್ತದೆ, ಕಾರಣ ಹುಡುಕಿ ಕಾರ್ಬುರೇಟರ್ ಬಿಚ್ಚುತ್ತೀರಿ.

ಪ್ರೆಷರ್ ಪ್ಲೇಟ್ ಆದ ಮೇಲೆ ಫ್ರಿಕ್ಷನ್, ಸ್ಟೀಲ್, ಫ್ರಿಕ್ಷನ್, ಆಮೇಲೆ ರಿಂಗ್ ಗೇರ್. ಬೋಲ್ಟ್ ಬಿಗಿಯುವ ಮುಂಚೆ ಎರಡೂ ಪ್ಲೇಟಿನ ಹಲ್ಲು ಒಂದೇ ಸಾಲಿಗೆ, ಸರಿಯಾಗಿ ನಡುವಿಗೆ ಇರಬೇಕು. ಹಳೇ ಹಬ್ ಇದ್ದರೆ ಅದನ್ನೇ ಒಳಗೆ ತೂರಿಸಿಟ್ಟು ಬಿಗಿಯಿರಿ, ಹೊಸ ಹಬ್ ಹಾಕಿದವರಿಗೆ ಹಳೆಯದು ಹೀಗೆ ಉಪಯೋಗಕ್ಕೆ ಬರುತ್ತದೆ. ಇದು ಸರಿಯಿಲ್ಲದಿದ್ದರೆ ಬಾಕ್ಸ್ ಎಂಜಿನ್ನಿಗೆ ಕೂರುವುದೇ ಇಲ್ಲ. ಕೊನೆಯ ಒಂದು ಸೆಂಟಿಮೀಟರ್ ಉಳಿದಾಗ ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಅನ್ನಿಸುತ್ತದೆ, ಅದನ್ನು ಮಾತ್ರ ಮಾಡಬೇಡಿ. ಬಾಕ್ಸನ್ನು ಗೇರಿನಲ್ಲಿಟ್ಟು ಹಿಂದಿನ ಶಾಫ್ಟ್ ಸ್ವಲ್ಪ ತಿರುಗಿಸುತ್ತಾ ತಳ್ಳಿದರೆ ತಾನೇ ಒಳಗೆ ಹೋಗಬೇಕು.

ಹಬ್ಬಿನ ಹಲ್ಲಿಗೆ ಮಾಲಿಬ್ಡಿನಮ್ ಪೇಸ್ಟ್ ಬೆರಳಲ್ಲಿ ಸವರಿದಷ್ಟೇ ಸಾಕು, ಕಣ್ಣಿಗೆ ಕಾಣುವಷ್ಟು ಹಚ್ಚಿದರೆ ಅದು ಹಾರಿ ಹೊಸ ಪ್ಲೇಟಿಗೇ ಬೀಳುತ್ತದೆ.

ಕ್ಲಚ್ ಅಡ್ಜಸ್ಟ್ ಮಾಡುವಾಗ ಬರೀ ಹ್ಯಾಂಡಲ್ ಕಡೆಯ ಅಡ್ಜಸ್ಟರ್ ತಿರುಗಿಸಬೇಡಿ. ಮೊದಲು ಅದನ್ನು ಪೂರ್ತಿ ಒಳಗೆ ಹಾಕಿ. ಹಿಂದಿನ ಆರ್ಮಿನ ಸ್ಕ್ರೂ, ಲಾಕ್‌ನಟ್‌ನಿಂದ ಆರ್ಮ್ ಕೇಬಲ್ಲಿಗೆ ಹೆಚ್ಚುಕಮ್ಮಿ ನೇರ ಅಡ್ಡ ನಿಲ್ಲುವ ಹಾಗೆ ಮಾಡಿ. ಕೊನೆಗೆ ಲಿವರ್ ತುದಿಯಲ್ಲಿ ಒಂದು 4 ಮಿಮೀ ಸಡಿಲ ಬರುವಷ್ಟು ಮಾತ್ರ ಹ್ಯಾಂಡಲ್ ಕಡೆ ತಿರುಗಿಸಿ. ಆ ಸಡಿಲ ಇಲ್ಲದಿದ್ದರೆ ಬಿಸಿಯಾದಾಗ ಮತ್ತೆ ಜಾರುತ್ತದೆ, ಎಣ್ಣೆಯೇ ಇಲ್ಲದೆ. ಹೊಸ ಪ್ಲೇಟ್ ಕೂತುಕೊಳ್ಳುವವರೆಗೆ ಸಡಿಲ ಕಡಿಮೆಯಾಗುತ್ತಾ ಹೋಗುತ್ತದೆ, ಮೊದಲ ಕೆಲವು ಓಟದ ನಂತರ ಮತ್ತೆ ಅಳೆದು ನೋಡಿ. ಹಬ್ಬಿನ ಫೋಟೋ ಹಾಕಿ, ಪ್ಲೇಟ್ ಯಾವುದು ಅಂತ ಹೇಳುತ್ತೇನೆ.